ಜೋಳದ ಮೇಲೆ ಕುಳಿತ ಅಕ್ಕೋರು

ತನಗೆ ಗೊತ್ತಿಲ್ಲದ್ದನ್ನು ಇನ್ನೊಬ್ಬರಿಗೆ ಕಲಿಸುವುದು ಬಹಳ ಕಷ್ಟ ಎಂದು ಜನ ತಿಳಿದಿದ್ದಾರೆ. ಕಷ್ಟವೇನಿಲ್ಲ. ಇಪ್ಪತ್ತೆರಡು ವರ್ಷದಿಂದ ನಾನು ಅದನ್ನೇ ಮಾಡುತ್ತ ಬಂದಿದ್ದೇನೆ. ವಿಜಯಪುರದ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ನನ್ನ ಮನೆ, ತಿಕೋಟಾ ದಾಟಿ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನನ್ನ ವಿಜ್ಞಾನ. ಮಕ್ಕಳ ಬಾಯಲ್ಲಿ ನಾನು ಅಕ್ಕೋರು, ಅಂದರೆ ಟೀಚರು. ಚಲನೆ ಮತ್ತು ಬಲದ ಪಾಠ ಬಂತೆಂದರೆ ಬೋರ್ಡಿನ ಮೇಲೆ ಒಂದು ಚೌಕ ಬರೆಯುತ್ತೇನೆ. ಬಲಕ್ಕೆ ಒಂದು ಬಾಣ, ಅದು ಬಲ. ಎಡಕ್ಕೆ ಒಂದು ಬಾಣ, ಅದು ಘರ್ಷಣೆ. ಮಕ್ಕಳೂ ವಹಿಯಲ್ಲಿ ಚೌಕ ಬರೆಯುತ್ತಾರೆ, ಬಾಣ ಹಾಕುತ್ತಾರೆ, ಮಾರ್ಕ್ಸು ತೆಗೆದುಕೊಳ್ಳುತ್ತಾರೆ. ಇಷ್ಟು ವರ್ಷಗಳಲ್ಲಿ ಆ ಚೌಕ ಒಂದಿಂಚು ಆಚೆ ಈಚೆ ಸರಿದಿಲ್ಲ. ಸರಿಯಬೇಕೆಂದು ಯಾರೂ ಕೇಳಿಯೂ ಇಲ್ಲ.

ಹಾಗಂತ ನಮ್ಮಲ್ಲಿ ಸಲಕರಣೆ ಇಲ್ಲವೆಂದಲ್ಲ. ಒಂದು ಕಪಾಟು ತುಂಬ ಇವೆ. ಅದರೊಳಗೆ ಒಂದು ಸ್ಪ್ರಿಂಗ್ ತಕ್ಕಡಿ, ಎರಡು ರಾಟೆ, ಶೀಶೆಯಲ್ಲಿ ಕುಳಿತ ಒಂದು ಕಪ್ಪೆ. ಕಪಾಟಿನ ಕೀಲಿ ನನ್ನ ಪರ್ಸಿನಲ್ಲಿರುತ್ತದೆ. ಮಕ್ಕಳು ಮುಟ್ಟಿದರೆ ಸಾಮಾನು ಹಾಳಾಗುತ್ತವೆ ಎಂಬುದು ನಾನು ಈ ನೌಕರಿಗೆ ಬಂದಾಗ ಹಿರಿಯರು ಹೇಳಿಕೊಟ್ಟ ಮೊದಲ ವೈಜ್ಞಾನಿಕ ಸತ್ಯ. ಅದನ್ನು ನಿಷ್ಠೆಯಿಂದ ಪಾಲಿಸಿದ್ದರಿಂದ ನಮ್ಮ ತಕ್ಕಡಿ ಇಂದಿಗೂ ಹೊಸದಾಗಿದೆ. ಕಪ್ಪೆಯ ಬಗ್ಗೆ ಮಾತ್ರ ಹಾಗೆ ಹೇಳಲಾರೆ.

ಇಂಥ ನೆಮ್ಮದಿಯ ನಡುವೆ ಮೇಲಿನಿಂದ ಹೊಸ ಮಾತು ಬಂತು. ಇನ್ನು ಮುಂದೆ ಮಕ್ಕಳು ಮಾಡಿ ಕಲಿಯಬೇಕಂತೆ. ಬಬಲೇಶ್ವರದಲ್ಲಿ ಸುತ್ತಲಿನ ಹೈಸ್ಕೂಲುಗಳ ವಿಜ್ಞಾನ ಪ್ರದರ್ಶನ, ವಿಷಯ ಚಲನೆ ಮತ್ತು ಬಲ. ಒಂದು ಶಾಲೆಗೆ ಒಂದೇ ಟೇಬಲ್ಲು, ಒಂದೇ ಪ್ರಯೋಗ. ನಮ್ಮ ಶಾಲೆ ಇಂಥ ಪ್ರದರ್ಶನಗಳಿಗೆ ಪ್ರತಿ ವರ್ಷ ಹೋಗುತ್ತದೆ, ಉಪ್ಪಿಟ್ಟು ತಿಂದು ಬರುತ್ತದೆ. ಈ ಸಲವಾದರೂ ಗೆದ್ದು ಬರಬೇಕು ಎಂದು ನನಗೆ ಒಮ್ಮೆಲೇ ಹಟ ಹುಟ್ಟಿತು. ಐವತ್ತರ ಹತ್ತಿರ ಬಂದಾಗ ಹೀಗೆ ಅಕಾಲದಲ್ಲಿ ಹಟ ಹುಟ್ಟುತ್ತದೆ, ಮಂಡಿನೋವಿನ ಹಾಗೆ.

ಎಂಟನೇ ಈಯತ್ತೆಯಲ್ಲಿ ಕಸ್ತೂರಿ ಎಂಬ ಹುಡುಗಿ ಇದ್ದಾಳೆ. ಅವ್ವ ಅಪ್ಪ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುತ್ತಾರೆ, ಮನೆಯ ಯಜಮಾನಿಕೆಯೆಲ್ಲ ಅಜ್ಜಿಯದು. ಅಜ್ಜಿಯನ್ನು ಇವಳು ಆಯಿ ಎನ್ನುತ್ತಾಳೆ. ನಾನು ಬಾಲ್ ಬೇರಿಂಗಿನ ಬಗ್ಗೆ ಓದಿಸುತ್ತಿದ್ದಾಗ ಎದ್ದು ನಿಂತಳು.

"ಅಕ್ಕೋರ, ನೆಲದ ಮ್ಯಾಲ ಜ್ವಾಳ ಚೆಲ್ಲಿದ್ರ ನಾವು ಜಾರಿ ಬೀಳ್ತೀವಲ್ರಿ, ಆ ಜ್ವಾಳಾನೂ ಬೇರಿಂಗ್ ಆದಂಗಾತಲ್ರಿ?"

ಎಂಥ ಒಳ್ಳೆಯ ಪ್ರಶ್ನೆ! ಈಗ ಹಾಗೆನ್ನಿಸುತ್ತದೆ. ಆಗ ನಾನು ಕೊಟ್ಟ ಉತ್ತರ ಕೇಳಿ: "ಆತು, ಆದ್ರ ಪರೀಕ್ಷಾದಾಗ ಜ್ವಾಳ ಅಂತ ಬರೀಬ್ಯಾಡ. ಸೈಕಲ್ ಅಂತ ಬರಿ."

ಹುಡುಗಿ ಬಿಡಲಿಲ್ಲ. ಮರುದಿನ ಬೆನ್ನಿಗೆ ಒಂದು ಪರಾತ ಕಟ್ಟಿಕೊಂಡು ಬಂದಳು. ಪರಾತವೆಂದರೆ ಮದುವೆ ಮನೆಯಲ್ಲಿ ಹಿಟ್ಟು ನಾದುವ, ಸುತ್ತ ಅಂಚಿರುವ ದೊಡ್ಡ ತಟ್ಟೆ. ಜೊತೆಗೆ ಒಂದು ದುಂಡು ಹಲಗೆ, ಒಂದು ಚೀಲ ಜೋಳ. ಪರಾತದ ತುಂಬ ಜೋಳ ಹರವಿ, ಮೇಲೆ ಹಲಗೆ ಇಟ್ಟು, ಅದರ ಮೇಲೆ ಗೆಳತಿಯನ್ನು ಕೂರಿಸಿದಳು. ಒಂದೇ ಬೆರಳಿನಿಂದ ತಿರುಗಿಸುತ್ತೇನೆ ಎಂದಳು. ಬೆರಳು ಹಚ್ಚಿದಳು, ಕೈ ಹಚ್ಚಿದಳು, ಕೊನೆಗೆ ಭುಜ ಹಚ್ಚಿದಳು. ಹಲಗೆ ಕರಕರ ಎಂದಿತೇ ಹೊರತು ತಿರುಗಲಿಲ್ಲ. ಎತ್ತಿ ನೋಡಿದರೆ ಜೋಳವೆಲ್ಲ ಹಿಟ್ಟಾಗಿತ್ತು, ಅದರೊಳಗಿಂದ ಕರಿ ನುಸಿಗಳು ಸಾಲಾಗಿ ಹೊರಟಿದ್ದವು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು.

ಆಗಿದ್ದಿಷ್ಟು. ಪ್ರಯೋಗಕ್ಕೆ ಜೋಳ ಬೇಕು ಎಂದಾಗ ಅವಳ ಆಯಿ ಬೆಚ್ಚಿ ಬಿದ್ದಿದ್ದಾಳೆ. ಉಣ್ಣುವ ಜೋಳದ ಮೇಲೆ ಮನುಷ್ಯರನ್ನು ಕೂರಿಸುವುದೇ? ನಮ್ಮ ಕಡೆ ಕಾಳು ಕಾಲಿಗೆ ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಹಾಗಾಗಿ ಕೋಳಿಗೆ ಹಾಕಲು ತೆಗೆದಿಟ್ಟಿದ್ದ, ನುಸಿ ಹತ್ತಿ ಒಳಗೆ ಪೊಳ್ಳಾದ ಜೋಳವನ್ನು ಕೊಟ್ಟು ಕಳಿಸಿದ್ದಾಳೆ. ಧರ್ಮವೂ ಉಳಿಯಿತು, ಮೊಮ್ಮಗಳ ಹಟವೂ ನಡೆಯಿತು. ವಿಜ್ಞಾನ ಮಾತ್ರ ಹಿಟ್ಟಾಯಿತು.

"ಛಲೋ ಜ್ವಾಳ ಸಿಕ್ರ ಆಗತೈತ್ರಿ ಅಕ್ಕೋರ. ಇನ್ನೊಮ್ಮೆ ಮಾಡ್ತೇನ್ರಿ" ಎಂದಳು ಕಸ್ತೂರಿ.

"ಬ್ಯಾಡ. ಪ್ರದರ್ಶನದಾಗ ಅಡಗಿ ಮನಿ ಸಾಮಾನ ಇಟ್ರ ನಗ್ತಾರ. ನಾನ ಒಂದು ಮಾಡೆಲ್ ತರ್ತೇನಿ, ನೀ ಅದರ ಮಾತು ಬಾಯಿಪಾಠ ಮಾಡು" ಎಂದೆ.

ಹುಡುಗಿಯ ಮುಖ ಸಣ್ಣದಾಯಿತು. ಅದು ನನಗೆ ಕಂಡಿತು, ಸುಳ್ಳು ಹೇಳುವುದಿಲ್ಲ. ಆದರೆ ಗೆಲ್ಲುವ ಹಟ ಆ ಮುಖಕ್ಕಿಂತ ದೊಡ್ಡದಿತ್ತು.

ಮಾಡೆಲ್ ಎಂದರೆ ಸಿರಿಂಜಿನ ಜೆಸಿಬಿ. ರಟ್ಟಿನ ತೋಳು, ಇಂಜೆಕ್ಷನ್ ಸಿರಿಂಜು, ಸಲೈನ್ ಪೈಪು, ಒಳಗೆ ಬಣ್ಣದ ನೀರು. ಸಿರಿಂಜು ಒತ್ತಿದರೆ ತೋಳು ಏಳಬೇಕು. ಮೂರು ದಿನ ಸಂಜೆ ನಮ್ಮ ಮನೆಯಲ್ಲಿ ಒಲೆ ಸರಿಯಾಗಿ ಹೊತ್ತಲಿಲ್ಲ. ನಮ್ಮ ಮನೆಯವರು ಜೀವಮಾನದಲ್ಲಿ ಗೋಡೆಗೊಂದು ಮೊಳೆ ಹೊಡೆದವರಲ್ಲ, ಅವರನ್ನೇ ಇಂಜಿನಿಯರ್ ಮಾಡಿಕೊಂಡೆ. ಅಂಟು ಹಚ್ಚುವಾಗ ಅವರ ಹೆಬ್ಬೆರಳು ಜೆಸಿಬಿಗೆ ಕಚ್ಚಿಕೊಂಡಿತು. ಬಿಸಿ ನೀರಿನ ಪಾತ್ರೆಯಲ್ಲಿ ಕೈ ಇಟ್ಟುಕೊಂಡು ಕುಳಿತು, "ಸ್ಪರ್ಧಾ ಮಕ್ಕಳದೋ, ಮುದುಕರದೋ?" ಎಂದು ಕೇಳಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಜೆಸಿಬಿ ತೋಳೆತ್ತಿದಾಗ ಇಬ್ಬರೂ ಚಪ್ಪಾಳೆ ಹೊಡೆದೆವು. ನಮ್ಮ ಮಗ ಮೊದಲ ಹೆಜ್ಜೆ ಇಟ್ಟಾಗಲೂ ಅಷ್ಟು ಹೊಡೆದಿರಲಿಲ್ಲ.

ಪ್ರದರ್ಶನದ ದಿನ ಕಸ್ತೂರಿ ಬಸ್ ಸ್ಟಾಪಿಗೆ ಬಂದಾಗ ಜೊತೆಗೆ ಆಯಿಯೂ ಇದ್ದಳು. ಮೊಮ್ಮಗಳನ್ನು ಪರ ಊರಿಗೆ ಒಬ್ಬಳನ್ನೇ ಕಳಿಸುವುದಿಲ್ಲವಂತೆ. ನಾನಿದ್ದೇನಲ್ಲ ಎಂದರೆ, "ನೀವು ಇರತೀರಿ ಯವ್ವಾ, ಆದ್ರ ನಿಮ್ಮ ಚಿತ್ತೆಲ್ಲ ಆ ಡಬ್ಬಿ ಮ್ಯಾಲ ಇರತೈತಿ" ಎಂದು ಜೆಸಿಬಿ ಕಡೆ ಕೈ ತೋರಿಸಿದಳು. ಆಕೆಯ ಕಂಕುಳಲ್ಲಿ ಆ ಪರಾತ ಮತ್ತು ಹಲಗೆ, ತಲೆಯ ಮೇಲೆ ಒಂದು ಗಂಟು. ಏನಿದು ಎಂದು ನಾನು ಕೇಳಲಿಲ್ಲ. ಕೇಳಿದರೆ ಬೇಡವೆನ್ನಬೇಕಾಗುತ್ತದೆ, ಬೇಡವೆಂದರೆ ಆ ಹುಡುಗಿಯ ಮುಖ ಮತ್ತೆ ನೋಡಬೇಕಾಗುತ್ತದೆ. ಕಿಟಕಿಯಾಚೆ ದ್ರಾಕ್ಷಿ ತೋಟಗಳನ್ನು ಎಣಿಸುತ್ತ ಕುಳಿತೆ.

ಬಬಲೇಶ್ವರದಲ್ಲಿ ಪ್ರದರ್ಶನವಿದ್ದ ಶಾಲೆಯ ಹಾಲಿಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತೆ. ಹನ್ನೊಂದು ಟೇಬಲ್ಲು, ಅದರಲ್ಲಿ ಆರರ ಮೇಲೆ ಜೆಸಿಬಿ! ಎಲ್ಲ ಒಂದೇ ಅವ್ವನ ಮಕ್ಕಳು. ಆರೂ ಟೇಬಲ್ಲಿನ ಹಿಂದೆ ನನ್ನಂಥದೇ ಒಬ್ಬೊಬ್ಬ ಶಿಕ್ಷಕರು, ಬೆರಳಿಗೆ ಅಂಟು ಮೆತ್ತಿಕೊಂಡು ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ನಾನು ನಮ್ಮದನ್ನು ಡಬ್ಬಿಯಿಂದ ತೆಗೆದೆ. ಹಾದಿಯಲ್ಲಿ ಪೈಪು ಸಡಿಲಾಗಿ ನೀರೆಲ್ಲ ಸೋರಿ ಹೋಗಿತ್ತು. ಸಿರಿಂಜು ಒತ್ತಿದರೆ ಪುಸ್ ಎಂದಿತು. ತೋಳು ನೆಲ ನೋಡುತ್ತ ಸುಮ್ಮನಿತ್ತು. ರಸ್ತೆಯ ತಗ್ಗು, ಬಸ್ಸಿನ ಕುಲುಕಾಟ, ಡ್ರೈವರನ ಅವಸರ ಎಲ್ಲವನ್ನೂ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಅಷ್ಟರಲ್ಲಿ ತೀರ್ಪುಗಾರರು ಬಂದೇಬಿಟ್ಟರು. ಒಬ್ಬ ನಿವೃತ್ತ ಮಾಸ್ತರರು, ಆರೂ ಜೆಸಿಬಿ ನೋಡಿ ದಣಿದಿದ್ದರು. "ಇದೂ ಅದೇ ಏನು?" ಎಂದು ಕಸ್ತೂರಿಯನ್ನು ಕೇಳಿದರು. ಅವಳು ನನ್ನ ಮುಖ ನೋಡಿದಳು. ಬಾಯಿಪಾಠ ಮಾಡಿಸಿದ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಹೇಳು ಎಂದು ನಾನು ಕಣ್ಸನ್ನೆ ಮಾಡಿದ್ದರೆ ಸತ್ತ ಜೆಸಿಬಿಯ ಮುಂದೆ ನಿಂತು ಪಾಪ, ಹೇಳಿಬಿಡುತ್ತಿದ್ದಳು. ನನಗೆ ನಾಚಿಕೆಯಾಯಿತು. ನಿಜವಾಗಿ ನಾಚಿಕೆಯಾಯಿತು.

"ಅದನ್ನ ತಗೀ ಕಸ್ತೂರಿ. ನಿನ್ನ ಪರಾತ ಇಡು" ಎಂದೆ.

ಹುಡುಗಿ ಎರಡನೇ ಮಾತಿಗೆ ಕಾಯಲಿಲ್ಲ. ನೆಲದ ಮೇಲೆ ಪರಾತ ಬಂತು. ಆಯಿ ಗಂಟು ಬಿಚ್ಚಿ ಜೋಳ ಸುರುವಿದಳು. ಮುತ್ತಿನಂಥ ಬಿಳಿ ಜೋಳ, ಒಂದು ನುಸಿಯಿಲ್ಲ. ಭಾರಕ್ಕೆ ಯಾರನ್ನು ಕೂರಿಸುವುದು ಎಂಬ ಪ್ರಶ್ನೆ ಬಂದಾಗ ಸುತ್ತ ನೆರೆದ ಮಕ್ಕಳೆಲ್ಲ ಹಾಲಿನ ತುಂಬ ಕಣ್ಣಾಡಿಸಿದರು. ಆಡಿಸಿ ಆಡಿಸಿ ಎಲ್ಲರ ಕಣ್ಣೂ ನನ್ನ ಮೇಲೆ ಬಂದು ನಿಂತವು. ಅದರಲ್ಲಿ ಅವರ ತಪ್ಪಿಲ್ಲ.

"ಏ ತಂಗಿ, ಜ್ವಾಳದ ಮ್ಯಾಲ ಕುಂಡ್ರಬಾರದವಾ, ಅಪಚಾರ" ಎಂದು ತೀರ್ಪುಗಾರರೇ ತಡೆದರು.

ಆಯಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ನಾನೂ ಹಂಗ ಅಂದಿದ್ನಿರಿ ಯಪ್ಪಾ. ಅದಕ್ಕ ನುಸಿ ಜ್ವಾಳ ಕೊಟ್ಟು ಕೂಸಿನ ಮಾನಾ ಕಳದ್ನಿ. ಆಮ್ಯಾಲ ಕುಂತು ವಿಚಾರ ಮಾಡಿದ್ನಿ. ಬರೇ ಬೀಸೂ ಕಲ್ಲ ತಿರುವಿದ್ರ ರಟ್ಟಿ ಸೋಲ್ತಾವು, ಕಾಳ ಹಾಕಿದ ಕೂಡ್ಲೆ ಹಗರ ಆಗತೈತಿ. ಜ್ವಾಳದ ಮ್ಯಾಲ ಅಷ್ಟ ದೊಡ್ಡ ಕಲ್ಲ ಕುಂಡ್ರಸ್ತೀವಿ, ಅದಕ್ಕಿಲ್ಲದ ಅಪಚಾರ ಅಕ್ಕೋರಿಗೆ ಎಲ್ಲಿದು? ಅಕ್ಕೋರೇನು ಕಲ್ಲಿಗಿಂತ ಕಡಿಮಿ ಅದಾರೇನ್ರಿ?"

ಹೊಗಳಿಕೆಯೋ ಏನೋ ತಿಳಿಯಲಿಲ್ಲ. ಚಪ್ಪಲಿ ಕಳೆದು, ಜೋಳ ಮುಟ್ಟಿ ಕಣ್ಣಿಗೊತ್ತಿಕೊಂಡು, ಸೀರೆ ಒತ್ತಿ ಹಿಡಿದು ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೆ. ಕಸ್ತೂರಿ ನನ್ನ ಮೊಣಕಾಲಿಗೆ ಒಂದು ಬೆರಳು ಹಚ್ಚಿದಳು. ಯಪ್ಪಾ! ಬುಗುರಿಯ ಹಾಗೆ ತಿರುಗಿದೆ. ತೀರ್ಪುಗಾರರು ಹೋದರು, ಆಯಿ ಬಂದಳು, ಆರು ಜೆಸಿಬಿಗಳು ಮೆರವಣಿಗೆ ಹೊರಟವು, ಮತ್ತೆ ತೀರ್ಪುಗಾರರು ಬಂದರು. ಇಪ್ಪತ್ತೆರಡು ವರ್ಷ ನಾನು ಬೋರ್ಡಿನ ಮೇಲೆ ಕಟ್ಟಿಹಾಕಿದ್ದ ಚೌಕ ಕಡೆಗೂ ಹೊರಟಿತ್ತು, ಮತ್ತು ಆ ಚೌಕ ನಾನೇ ಆಗಿದ್ದೆ. ನಗು ತಡೆಯಲಾಗಲಿಲ್ಲ. ಚಿಕ್ಕ ಹುಡುಗಿಯ ಹಾಗೆ ಗಟ್ಟಿಯಾಗಿ ನಕ್ಕೆ.

ಕಸ್ತೂರಿ ಅಷ್ಟಕ್ಕೇ ಬಿಡಲಿಲ್ಲ. ನನ್ನನ್ನು ಇಳಿಸಿ, ಜೋಳ ತೆಗೆದು, ಬರೀ ಪರಾತದ ಮೇಲೆ ಹಲಗೆ ಇಟ್ಟು ಮತ್ತೆ ಕೂರಿಸಿದಳು. ಎರಡೂ ಕೈಯಿಂದ ನೂಕಿದರೂ ಅಲುಗಲಿಲ್ಲ. ಆಮೇಲೆ ಕಾಗದದ ಪೊಟ್ಟಣ ಬಿಚ್ಚಿ ನುಸಿ ಜೋಳದ ಹಿಟ್ಟು ತೋರಿಸಿದಳು. "ಇದು ನಮ್ಮ ಮೊದಲನೇ ಸಲದ್ದು ರೀ, ಕೆಟ್ಟಿದ್ದು. ಕಾಳು ಗಟ್ಟಿ ಇರಬೇಕ್ರಿ, ದುಂಡಗ ಇರಬೇಕ್ರಿ. ಪೊಳ್ಳ ಇದ್ರ ಭಾರಕ್ಕ ಒಡದು ಹಿಟ್ಟಾಗತೈತಿ, ಉರುಳಂಗಿಲ್ಲ." ಕೆಟ್ಟ ಪ್ರಯೋಗವನ್ನು ಪೊಟ್ಟಣ ಕಟ್ಟಿ ತರಬೇಕೆಂದು ಅವಳಿಗೆ ಹೇಳಿದವರು ಯಾರು? ನಾನಂತೂ ಅಲ್ಲ.

ತೀರ್ಪುಗಾರರ ದಣಿವು ಇಳಿದಿತ್ತು. "ಭಾಳ ಛಲೋ ವಾ. ಇದನ್ನ ನಿನಗ ಯಾರು ಕಲಿಸಿದ್ರು?"

"ಬೀಸೂ ಕಲ್ಲಿಂದು ನಮ್ಮ ಆಯಿ ಹೇಳಿದ್ಳ್ರಿ. ಉಳಿದಿದ್ದು ನಾನ ಮಾಡಿ ನೋಡಿದ್ನಿ."

"ಮತ್ತ ನಿಮ್ಮ ಅಕ್ಕೋರು?"

"ಅಕ್ಕೋರು ಜೆಸಿಬಿ ಮಾಡ್ಯಾರ್ರಿ" ಎಂದಳು ಕಸ್ತೂರಿ, ಅತ್ಯಂತ ಅಭಿಮಾನದಿಂದ.

ಆಗ ನಾನಿನ್ನೂ ಪರಾತದಲ್ಲೇ ಇದ್ದೆ. ಅರ್ಧ ಸುತ್ತು ತಿರುಗಿ ಬೆನ್ನು ಹಾಕೋಣವೆಂದರೆ ಕೆಳಗೆ ಜೋಳವೂ ಇರಲಿಲ್ಲ.

ನಮ್ಮ ಶಾಲೆ ಗೆದ್ದಿತು. ವಿಜಯಪುರದ ಜಿಲ್ಲಾ ಪ್ರದರ್ಶನಕ್ಕೆ ಹೋಗಬೇಕಿದೆ. ಅದಕ್ಕೊಂದು ಫಾರ್ಮು ಬಂತು. 'ಪ್ರಯೋಗದಲ್ಲಿ ಶಿಕ್ಷಕರ ಪಾತ್ರ' ಎಂದು ಅದರಲ್ಲೊಂದು ಕಲಮು. ನಾನು ಪೆನ್ನು ಕಚ್ಚುತ್ತ ಬಹಳ ಹೊತ್ತು ಕುಳಿತೆ. ಏನು ಬರೆದರೂ ಸುಳ್ಳಾಗುತ್ತಿತ್ತು. ಕೊನೆಗೆ ಪೆನ್ನನ್ನು ಕಸ್ತೂರಿಯ ಕೈಗೆ ಕೊಟ್ಟು, ನೀನೇ ಬರಿ ಎಂದೆ. ಅವಳು ದುಂಡಗಿನ ಅಕ್ಷರದಲ್ಲಿ ಬರೆದಳು: 'ಅಕ್ಕೋರು ಪ್ರಯೋಗದಲ್ಲಿ ಭಾರವಾಗಿ ಕುಳಿತಿದ್ದರು.' ಬರೆದು ತಲೆ ಎತ್ತಿದಳು.

"ಎಷ್ಟು ಕೆಜಿ ಅಂತ ಬರೀಲ್ರಿ ಅಕ್ಕೋರ?"

"ಅರವತ್ತೈದು" ಎಂದೆ.

ಕಸ್ತೂರಿ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. "ಸಾಲಿ ಬಾಜೂಕ ಒಣದ್ರಾಕ್ಷಿ ತೂಗೂ ಕಾಟಾ ಐತ್ರಿ ಅಕ್ಕೋರ. ಹೋಗಿ ತೂಗಿ ನೋಡೂಣ್ರಿ" ಎಂದಳು.

ಹೋದೆವು. ದ್ರಾಕ್ಷಿ ಪೆಟ್ಟಿಗೆಗಳನ್ನು ಸರಿಸಿ ಜಾಗ ಮಾಡಿಕೊಟ್ಟರು. ಕಾಟಾ ಏರಿದೆ. ಎಪ್ಪತ್ತೊಂಬತ್ತು ತೋರಿಸಿತು.

"ಚಪ್ಪಲ್ ಕಳೀಲೇನು?" ಎಂದು ಕೇಳಿದೆ.

"ಕಳೀರಿ ಅಕ್ಕೋರ. ಅವತ್ತೂ ಕಳದ ಕುಂತಿದ್ರಿ" ಎಂದಳು ಹುಡುಗಿ, ಪೆನ್ನು ಹಿಡಿದುಕೊಂಡು.

ಕಳೆದೆ. ನಾಲ್ಕುನೂರು ಗ್ರಾಂ ಇಳಿಯಿತು. ಅಷ್ಟರ ಮಟ್ಟಿಗಾದರೂ ವಿಜ್ಞಾನ ನನ್ನ ಪರವಾಗಿತ್ತು.