ನೀರಿನ ಸಾಲಿನ ಆರು ಇಲಿಗಳ ಅತಿಯಾದ ಆರೋಗ್ಯದ ಕುರಿತು

ಇಂದ:
ಪ್ರಾಣಿಗೃಹದ ಪಾಲಕ (ಇಲಿ ವಿಭಾಗ),
ನೆಲಮಾಳಿಗೆ, ಔಷಧ ಸಂಶೋಧನಾಲಯ.

ಗೆ:
ಮಾನ್ಯ ನಿರ್ದೇಶಕರು,
ಅದೇ ಕಟ್ಟಡ, ಗಾಳಿ ಬೆಳಕು ಇರುವ ಮಹಡಿ.

ವಿಷಯ: ಸೊರಗಬೇಕಿದ್ದ ಇಲಿಗಳು ಕುಣಿಯುತ್ತಿರುವುದಕ್ಕೆ ಕಾರಣ ತಿಳಿಸಿ, ಸಂಶೋಧಕಿಯವರಿಗೆ ಇನ್ನೊಂದು ತಿಂಗಳು ಕೋರಿ.

ಉಲ್ಲೇಖ: "ಈ ಎಲೆಯಿಂದ ಪ್ರಯೋಜನವಿಲ್ಲ, ಸೋಮವಾರ ಕಡತ ಮುಚ್ಚಿ" ಎಂಬ ತಮ್ಮ ನಿನ್ನೆಯ ಮೌಖಿಕ ಆದೇಶ.

ಮಾನ್ಯರೇ,

ಸಿಟ್ಟು ಬಂದರೂ ಪೂರ್ತಿ ಓದಬೇಕಾಗಿ ಮೊದಲೇ ವಿನಂತಿ.

೧. ಸದರಿ ಪ್ರಯೋಗದ ಇಲಿಗಳು ಹನ್ನೆರಡು. ಎಡಸಾಲಿನ ಆರಕ್ಕೆ ಮೂರು ವಾರ ಎಲೆಯ ಸತ್ವ, ಬಲಸಾಲಿನ ಆರಕ್ಕೆ ಬರೀ ನೀರು. ನಂತರ ಎಲ್ಲಕ್ಕೂ ಹೃದಯಕ್ಕೆ ಪೆಟ್ಟು ಕೊಡುವ ಚುಚ್ಚುಮದ್ದು. ನೀರಿನವು ಸೊರಗಿ ಸತ್ವದವು ಗಟ್ಟಿಯಾಗಿ ಉಳಿದರೆ ಎಲೆ ಗೆದ್ದಂತೆ. ಇಷ್ಟು ಅರ್ಜಿದಾರನಿಗೂ ಅರ್ಥವಾಗಿತ್ತು.

೨. ಆದರೆ ಎಡದವು ಚಪ್ಪರಿಸುವಾಗ ಬಲದವು ಸರಳು ಹಿಡಿದು ನಿಂತು ನೋಡುತ್ತಿದ್ದ ಕಾರಣ, ಅರ್ಜಿದಾರನ ಕರುಳು ಚುರುಕ್ಕೆಂದಿತು. ಬಾಟಲಿಯ ತಳದಲ್ಲಿ ದಿನವೂ ಒಂದಿಷ್ಟು ಸತ್ವ ಮಿಗುತ್ತಿತ್ತು; ಚೆಲ್ಲಬೇಕೆಂದು ನಿಯಮ. ಒಂದೇ ಸೂರಿನಡಿ ಪಂಕ್ತಿಭೇದವೇ, ಛೇ! ಅದನ್ನು ಬಲದವುಗಳ ನೀರಿಗೆ ಬೆರೆಸಿದ್ದು ನಿಜ. ಇಪ್ಪತ್ತೊಂದು ದಿನವೂ ಬೆರೆಸಿದ್ದು ನಿಜ.

೩. ಚುಚ್ಚುಮದ್ದಿನ ಬಳಿಕ ಹನ್ನೆರಡೂ ಒಂದರ ಬೆನ್ನ ಮೇಲೊಂದು ಏರಿ ಕುಣಿದವು. ರಕ್ತಪರೀಕ್ಷೆಯಲ್ಲೂ ಎರಡು ಸಾಲಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಸಂಶೋಧಕಿ ನೆಲದ ಮೇಲೇ ಕುಳಿತುಬಿಟ್ಟರು.

"ಮೂರು ವರ್ಷ ನೀರಲ್ಲಿ ಹೋಮ ಆಯ್ತು ಅಣ್ಣಾ. ನೀರು ಕುಡಿದವೂ ಹೀಗೇ ಇದ್ರೆ, ನನ್ನ ಎಲೆ ಏನು ಮಾಡ್ತು ಅಂತ ತೋರಿಸ್ಲಿ?"

ಅಣ್ಣ ಎನಿಸಿಕೊಂಡವನು ಖಾಲಿ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ನಡೆದನು.

೪. ಮನೆಯಲ್ಲಿ ವಿಷಯ ತಿಳಿಸಲಾಗಿ, ಹೆಂಡತಿ ಮೊದಲು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಆಮೇಲೆ, "ಅಲ್ಲ ರೀ, ತಳದಲ್ಲಿ ಉಳಿದದ್ದು ಕುಡಿದೇ ಇಷ್ಟು ಕುಣೀತಿವೆ ಅಂದ್ರೆ ಎಲೆ ಕೆಲಸ ಮಾಡಿರಬೇಕಲ್ವಾ? ಆ ಹುಡುಗಿ ಅಲ್ಲಿ ಅಳ್ತಿದ್ರೆ ನೀವು ಬಾಯಿಗೆ ಬೀಗ ಹಾಕ್ಕೊಂಡು ಬಂದ್ರಾ? ಕೆಲಸ ಹೋದ್ರೆ ಹೋಗ್ಲಿ, ಬರೀರಿ ಮೊದಲು!" ಎಂದಳು.

ಅರ್ಜಿದಾರನಿಗೆ ಕೆಲಸ ಹೋಗುವ ಭಯ ಒಂದು ಕಡೆ, ತಡೆಯಲಾರದ ಖುಷಿ ಇನ್ನೊಂದು ಕಡೆ. ಅಡುಗೆಮನೆಯಲ್ಲಿ ಎರಡು ಸುತ್ತು ಹಾಕಿಯೇ ಪೆನ್ನು ಹಿಡಿದಿದ್ದಾನೆ.

ಆದ್ದರಿಂದ ತಪ್ಪು ಎಲೆಯದಲ್ಲ, ಸಂಶೋಧಕಿಯದೂ ಅಲ್ಲ, ಸಂಪೂರ್ಣ ಅರ್ಜಿದಾರನದು ಎಂದು ಪರಿಗಣಿಸಿ, ಆತನಿಗೆ ಯಾವ ಶಿಕ್ಷೆಯನ್ನಾದರೂ ಕೊಟ್ಟು, ಆಕೆಗೆ ಹೊಸ ಹನ್ನೆರಡು ಇಲಿಗಳನ್ನೂ ಒಂದು ತಿಂಗಳನ್ನೂ ಮಂಜೂರು ಮಾಡಬೇಕಾಗಿ ಪ್ರಾರ್ಥನೆ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆದ,
(ಸಹಿ)

ಲಗತ್ತುಗಳು:
ಖಾಲಿ ಬಾಟಲಿ, ಒಂದು.
ರಕ್ತಪರೀಕ್ಷೆಯ ವರದಿ (ಸಂಶೋಧಕಿಯವರ ಕಣ್ಣೀರು ಬಿದ್ದು ಮೊದಲ ಪುಟ ಓದಲಾಗದು).
ಇಲಿಗಳ ಭಾವಚಿತ್ರ (ಒಂದೂ ನಿಂತಲ್ಲಿ ನಿಲ್ಲದ ಕಾರಣ ಮಸುಕಾಗಿದೆ).

ವಿ.ಸೂ.: ಈ ಬಾರಿ ನೀರಿನ ಸಾಲನ್ನು ಅರ್ಜಿದಾರನಿಗೆ ವಹಿಸಬಾರದು, ಮತ್ತೆ ಕೈ ಸುಮ್ಮನಿರುವುದಿಲ್ಲ. ಎಂಥ ಮುಖ ನೋಡಿದರೂ ಮನಸ್ಸು ಕರಗದವರೇ ಆ ಕೆಲಸಕ್ಕೆ ಬೇಕು. ಸಿಬ್ಬಂದಿಯೆಲ್ಲ ಒಮ್ಮತದಿಂದ ಒಬ್ಬರನ್ನೇ ಸೂಚಿಸಿದ್ದಾರೆ. ಕಾರಣ, ತಾವು ಸೋಮವಾರದಿಂದ ಬೆಳಿಗ್ಗೆ ಎಂಟಕ್ಕೆ ನೆಲಮಾಳಿಗೆಗೆ ಇಳಿದು ಬರಬೇಕಾಗಿ ವಿನಂತಿ.