ಖಾಲಿ ಬಂದ ಬಟ್ಟಲು

ದೇಹಕ್ಕೆ ಒಳ್ಳೆಯದು ಎಂದು ಹೇಳಿ ಬಡಿಸಿದ ಯಾವ ಪದಾರ್ಥವೂ ಈವರೆಗೆ ನನ್ನ ನಾಲಿಗೆಗೆ ಒಳ್ಳೆಯದೆನಿಸಿಲ್ಲ. ಕಷಾಯದಿಂದ ಹಿಡಿದು ಹಾಗಲಕಾಯಿಯವರೆಗೆ, ಹಿತವಾದದ್ದೆಲ್ಲ ಕಹಿಯಾಗಿಯೇ ಇರಬೇಕೆಂದು ಯಾರು ಗೊತ್ತುಮಾಡಿದರೋ ತಿಳಿಯದು. ನಲವತ್ತು ದಾಟಿ, ಮುಂಬಯಿಯಲ್ಲಿ ಕುರ್ಲಾದಿಂದ ಬೋರಿಬಂದರದವರೆಗೆ ದಿನಾ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಹೋಗಿಬರುವ ನನ್ನಂಥವನಿಗೆ ದಣಿವನ್ನು ಬಿಟ್ಟರೆ ಸ್ವಂತದ್ದೆಂದು ಉಳಿದಿರುವುದು ತಿನ್ನುವ ಸುಖವೊಂದೇ. ಅದಕ್ಕೂ ಸಂಚಕಾರ ಬಂತು.

ಕಂಪನಿಯಲ್ಲಿ ನನ್ನನ್ನು ಕಾಯಂ ಮಾಡುವ ಮಾತು ಎದ್ದಿತ್ತು. ಅದಕ್ಕೆ ಕಂಪನಿಯ ಡಾಕ್ಟರು ಒಪ್ಪಬೇಕು. ಅವರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಊದಿದರು, ಹಳೆಯ ಪರಿಚಯವಿದ್ದವರಂತೆ ನನ್ನ ಹೊಟ್ಟೆ ತಟ್ಟಿದರು. ರಕ್ತದ ಒತ್ತಡ ಹೆಚ್ಚಾಗಿದೆ, ತೂಕ ಇಳಿಸಿಕೊಂಡು ದೀಪಾವಳಿ ಕಳೆದ ಮೇಲೆ ಬಾ, ಇಳಿಯದಿದ್ದರೆ ಸಹಿ ಹಾಕುವುದಿಲ್ಲ ಎಂದರು. ದೀಪಾವಳಿಯಲ್ಲಿ ತೂಕ ಇಳಿಸಿಕೊಂಡವರನ್ನು ನಾನಂತೂ ಕಂಡಿಲ್ಲ. ಆದರೆ ಡಾಕ್ಟರೊಡನೆ ವಾದಿಸಲು ನನಗೆ ತ್ರಾಣವಿರಲಿಲ್ಲ.

ನನ್ನ ಹೆಂಡತಿಯ ಹೆಸರು ಶಾಂತಾ. ಹೆಸರು ನೋಡಿ ಯಾರೂ ಮೋಸ ಹೋಗಬಾರದು. ಧಾರವಾಡದವಳು, ಹಿಡಿದದ್ದನ್ನು ಬಿಡುವವಳಲ್ಲ. ನನ್ನ ದುರದೃಷ್ಟಕ್ಕೆ ಅದೇ ವಾರ ಮಹಿಳಾ ಮಂಡಳದಲ್ಲಿ ಆಹಾರದ ಬಗ್ಗೆ ಭಾಷಣವಿತ್ತು. ಕಾಳುಬೇಳೆ ಮೈ ಬೆಳೆಯುವುದಕ್ಕೆ, ಸೊಪ್ಪು ರಕ್ತಕ್ಕೆ, ಅನ್ನ ಸಕ್ಕರೆ ಎಣ್ಣೆಗಳು ಶಕ್ತಿಗೆ. ಅನ್ನದ ಗಂಜಿ ಬಸಿದರೆ ಜೀವಸತ್ವವೆಲ್ಲ ಮೋರಿಗೆ. ಕೂತು ಕೆಲಸ ಮಾಡುವವರಿಗೆ ಅಷ್ಟೊಂದು ಶಕ್ತಿಯೇ ಬೇಡ. ಇದನ್ನೆಲ್ಲ ಆಕೆ ನನಗೆ ಬಾಯಿಪಾಠ ಒಪ್ಪಿಸಿದಳು. ಲೋಕಲ್ಲಿನಲ್ಲಿ ನಾನು ನಿಂತೇ ಹೋಗುತ್ತೇನಲ್ಲ ಎಂದೆ. ಅದು ಲೆಕ್ಕಕ್ಕೆ ಬರಲಿಲ್ಲ. ಊರಲ್ಲಿ ಜೋಳದ ರೊಟ್ಟಿ, ಮಡಕಿಕಾಳು ತಿಂದು ಬೆಳೆದವನು ಮುಂಬಯಿಗೆ ಬಂದು ಎರಡು ಹೊತ್ತು ಬಿಳಿ ಅನ್ನ, ಬೆಳಿಗ್ಗೆ ಬ್ರೆಡ್ಡು ಬೆಣ್ಣೆ ತಿನ್ನುವಷ್ಟು ಮುಂದೆ ಬಂದೆನಲ್ಲ ಎಂಬ ಹೆಮ್ಮೆ ನನಗಿತ್ತು. ಶಾಂತಾ ಒಂದೇ ದಿನದಲ್ಲಿ ನನ್ನನ್ನು ಮತ್ತೆ ರೊಟ್ಟಿಗೆ, ಮೊಳಕೆ ಕಾಳಿಗೆ, ಉಪ್ಪು ಕಂಡೂ ಕಾಣದ ಮೆಂತ್ಯಪಲ್ಲೆಗೆ ತಂದು ನಿಲ್ಲಿಸಿದಳು. ಡಬ್ಬಿಯಲ್ಲೂ ಅದೇ, ರಾತ್ರಿಯ ತಾಟಿನಲ್ಲೂ ಅದೇ.

ಇಲ್ಲಿ ನಮ್ಮ ಚಾಳಿನ, ಎಂದರೆ ಒಂದೊಂದು ಕೋಣೆಯ ಮನೆಗಳ ಸಾಲಿನ, ಒಂದು ಪದ್ಧತಿ ಹೇಳಬೇಕು. ಪಕ್ಕದ ಮನೆಗೆ ಬಟ್ಟಲಲ್ಲಿ ಏನಾದರೂ ಕೊಟ್ಟರೆ ಆ ಬಟ್ಟಲು ಖಾಲಿ ವಾಪಸು ಬರುವಂತಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಮೆಟ್ಟಿಲ ಪಕ್ಕದ ಖೋಲಿಯಲ್ಲಿ ಉಡುಪಿ ಕಡೆಯ ಗಿರಿಜಕ್ಕನ ಸಂಸಾರ. ಅವರ ಗಂಡ ಸಂಜೀವಣ್ಣ ಫೋರ್ಟ್ ಕಡೆಯ ಹೋಟೆಲೊಂದರಲ್ಲಿ ಅಡುಗೆಯವರು. ದಿನವಿಡೀ ಎಣ್ಣೆಯ ಬಾಣಲೆ ಮುಂದೆ ನಿಲ್ಲುವ ಅವರಿಗೆ ಮನೆಯಲ್ಲಿ ಕರಿದದ್ದು ಕಂಡರಾಗದು, ಆದರೆ ಮಕ್ಕಳಿಗೆಂದು ಗಿರಿಜಕ್ಕ ಕರಿಯುವುದನ್ನು ಬಿಟ್ಟಿರಲಿಲ್ಲ. ಶಾಂತಾ ಒಮ್ಮೆ ಮೆಂತ್ಯಪಲ್ಲೆ ಕಳಿಸಿದಳು. ಸಂಜೆ ನಾನು ಮೆಟ್ಟಿಲೇರಿ ಬರುತ್ತಿದ್ದಂತೆ ಗಿರಿಜಕ್ಕ ಬಾಗಿಲಲ್ಲೇ ತಡೆದು ಬಟ್ಟಲು ಕೈಗಿತ್ತರು. ಮುಚ್ಚಳ ಸರಿಸಿ ನೋಡಿದರೆ ಬಿಸಿ ಗೋಳಿಬಜೆ. ಅವರ ಬಾಗಿಲಿಂದ ನಮ್ಮ ಬಾಗಿಲಿಗೆ, ಖೋಲಿಗಳ ಮುಂದೆ ಹಾಯುವ ಗ್ಯಾಲರಿ ಸಾಕಷ್ಟು ಉದ್ದವಿದೆ. ಮನೆ ಸೇರುವಷ್ಟರಲ್ಲಿ ಬಟ್ಟಲು ಅರ್ಧವಾಗಿತ್ತು; ಕೊಟ್ಟದ್ದೇ ಅಷ್ಟೆಂದು ಶಾಂತಾ ತಿಳಿದಳು.

ಅಂದಿನಿಂದ ನಾನು ಬಹಳ ಉದಾರಿಯಾದೆ. ನೆರೆಹೊರೆ ಎಂದ ಮೇಲೆ ಕೊಟ್ಟು ತಿನ್ನಬೇಕು, ಗಿರಿಜಕ್ಕನವರಿಗೂ ನಾಲ್ಕು ಕಾಳು ಕಳಿಸು ಎಂದು ಹೆಂಡತಿಗೆ ನಾನೇ ನೆನಪಿಸತೊಡಗಿದೆ. ಇವರಿಗೆ ಈಗ ಬುದ್ಧಿ ಬಂತು ಎಂದು ಆಕೆ ಹಿಗ್ಗಿದಳು. ಸೊಪ್ಪು ಹೋಗುತ್ತಿತ್ತು, ಬನ್ಸು ಬರುತ್ತಿತ್ತು. ಕಾಳು ಹೋಗುತ್ತಿತ್ತು, ಹೋಳಿಗೆ ಬರುತ್ತಿತ್ತು. ಒಂದು ದಿನ ಕುರ್ಲಾ ಸ್ಟೇಷನ್ನಿನ ತೂಕದ ಯಂತ್ರ ಹತ್ತಿದೆ. ಚೀಟಿಯ ಒಂದು ಬದಿಗೆ ನೀವು ಎಲ್ಲರ ಮನಸ್ಸು ಗೆಲ್ಲುವಿರಿ ಎಂಬ ಭವಿಷ್ಯ, ಇನ್ನೊಂದು ಬದಿಗೆ ಮೊದಲಿಗಿಂತ ಏರಿದ ತೂಕ. ಭವಿಷ್ಯವನ್ನಷ್ಟೇ ನಂಬಿದೆ.

ಒಂದು ಸಂಜೆ ಗಾಡಿಗಳೆಲ್ಲ ತಡವಾಗಿ, ಹಸಿದು, ಬೆವೆತು, ಬೇಸತ್ತು ಬಂದೆ. ಗಿರಿಜಕ್ಕನ ಗೋಳಿಬಜೆಯ ಬಟ್ಟಲು ಕೈಗೆ ಬಂತು. ಗ್ಯಾಲರಿಯ ಕಂಬಕ್ಕೆ ಒರಗಿ ತಿನ್ನುತ್ತ ನಿಂತವನಿಗೆ ತಳ ಕಂಡಾಗಲೇ ಎಚ್ಚರವಾದದ್ದು. ಶಾಂತಾ ಬಟ್ಟಲನ್ನು ಒಳಗೂ ಹೊರಗೂ ನೋಡಿದಳು.

“ಖಾಲೀನ ಕೊಟ್ಟಾರೇನ್ರಿ?” ಎಂದಳು.

ಹೂಂ ಎಂದೆ. ಆ ಗಳಿಗೆಗೆ ಅದೇ ಸುಲಭವಾಗಿ ಕಂಡಿತು. ಆದರೆ ಖಾಲಿ ಬಟ್ಟಲೆಂದರೆ ಚಾಳಿನಲ್ಲಿ ಮಾತು ಬಿಟ್ಟಂತೆ ಎಂಬುದು ನನಗೆ ಹೊಳೆಯಲಿಲ್ಲ. ಪಾಪ, ಅವಳು ಒಲೆಯ ಮುಂದೆ ಕೂತು ಚಾಳಿನ ನಲ್ಲಿಯ ಹತ್ತಿರ ಗಿರಿಜಕ್ಕನಿಗೆ ಏನಂದೆ, ಯಾವಾಗ ಅಂದೆ ಎಂದು ತಲೆ ಕೆಡಿಸಿಕೊಂಡಳು. ಕೊನೆಗೆ ಸೆರಗು ಹೊದ್ದು, ತಪ್ಪಾಗಿದ್ದರೆ ಮನಸ್ಸಿನಲ್ಲಿಟ್ಟುಕೊಳ್ಳಬೇಡಿ ಎಂದು ಕೇಳಿಕೊಳ್ಳಲು ಗಿರಿಜಕ್ಕನ ಮನೆಗೆ ಹೊರಟೇಬಿಟ್ಟಳು. ತಡೆಯೋಣವೆಂದರೆ ನನ್ನ ಬಾಯಿಗೆ ಇನ್ನೂ ಗೋಳಿಬಜೆಯ ಎಣ್ಣೆ ಅಂಟಿತ್ತು.

ಬಟ್ಟಲು ತುಂಬಿಯೇ ಕೊಟ್ಟದ್ದೆಂದು ಗಿರಿಜಕ್ಕನಿಂದ ತಿಳಿದು ತಿರುಗಿ ಬಂದವಳು ರೇಗುತ್ತಾಳೆಂದು ಕಾದೆ. ರೇಗಲಿಲ್ಲ. ನನ್ನೆದುರು ನೆಲದ ಮೇಲೆ ಕೂತಳು. ಅವಳ ತಂದೆಯೂ ಹೀಗೇ ಕದ್ದು ತಿನ್ನುತ್ತಿದ್ದರು, ಒಂದು ಮಧ್ಯಾಹ್ನ ಅಂಗಡಿಯ ಗಾದಿಯ ಮೇಲೆಯೇ ಲಕ್ವ ಹೊಡೆದು ಮತ್ತೆ ಏಳಲಿಲ್ಲ ಎಂದು ನೆನಪಿಸಿದಳು. ಅದು ನನಗೆ ಗೊತ್ತಿದ್ದ ವಿಷಯವೇ.

“ನಿಮ್ಮ ನೌಕರಿ ಕಾಯಂ ಆಗ್ಲಿ, ಬಿಡ್ಲಿ,” ಎಂದಳು. “ನನಗ ನೀವು ಕಾಯಂ ಇರಬೇಕ್ರಿ.”

ಅಷ್ಟು ದಿನ ಆ ಸೊಪ್ಪನ್ನು ಡಾಕ್ಟರ ಸಹಿಗಾಗಿ ಬೇಯಿಸುತ್ತಿದ್ದಾಳೆಂದೇ ತಿಳಿದಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಆ ರಾತ್ರಿ ಎರಡನೆಯ ಸಲ ಪಲ್ಲೆ ಹಾಕಿಸಿಕೊಂಡೆ.

ಮರುದಿನ ಗಿರಿಜಕ್ಕನೇ ಬಂದರು. ಅವರ ಮುಖದಲ್ಲೂ ಅಪರಾಧದ ಕಳೆಯಿತ್ತು. “ನಿಮ್ಮ ಪಲ್ಯ ತಿಂದು ನಮ್ಮವರ ಎದೆಯುರಿ ಎಲ್ಲ ಹೋಯ್ತು ಮಾರಾಯ್ರೇ. ನಾನು ನಿಮ್ಗೆ ಎಣ್ಣೆ ತಿನ್ನಿಸಿದ್ದು. ಇನ್ನು ಹಾಗೆ ಮಾಡುದಿಲ್ಲ,” ಎಂದರು. ಅಂಥ ಶಪಥ ಬೇಡವೆನ್ನುವಷ್ಟು ಧೈರ್ಯ ನನಗಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಡಾಕ್ಟರು ಸಹಿ ಹಾಕಿದರು. ಸೊಪ್ಪು ಮಾತ್ರ ನಿಂತಿಲ್ಲ. ಈಗಲೂ ಸಂಜೆ ಗಿರಿಜಕ್ಕ ಬಾಗಿಲಲ್ಲಿ ಬಟ್ಟಲು ಕೊಡುತ್ತಾರೆ. ಹಳೆಯ ಅಭ್ಯಾಸದಿಂದ ಗ್ಯಾಲರಿಯಲ್ಲಿ ಮುಚ್ಚಳ ಸರಿಸಿ ನೋಡುತ್ತೇನೆ. ಬೇಯಿಸಿದ ಹೆಸರುಕಾಳು ಇರುತ್ತದೆ, ಇಲ್ಲವೇ ಬಸಳೆ. ಮುಚ್ಚಳವನ್ನು ಮೊದಲಿದ್ದಂತೆಯೇ ಮುಚ್ಚುತ್ತೇನೆ. ಬಟ್ಟಲು ಒಂದು ಕಾಳೂ ಕಡಿಮೆಯಾಗದೆ ಮನೆ ಸೇರುತ್ತದೆ. ನಮ್ಮವರು ಎಷ್ಟು ಸುಧಾರಿಸಿದ್ದಾರೆ ಎಂದು ಶಾಂತಾ ಚಾಳಿನವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ. ನಾನು ಅಲ್ಲಗಳೆಯಲು ಹೋಗಿಲ್ಲ.