ನಾನು ಕಲಿಸಿದ ಜ್ವರ

ಹನ್ನೆರಡು ವರ್ಷ ಇಂಗ್ಲಿಷ್ ಕಲಿಸಿದ ಮೇಲೆ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು: ನನ್ನ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ. ಇಳಕಲ್ಲಿನ ನಮ್ಮ ಶಾಲೆ ಈಗ ದ್ವಿಭಾಷಾ ಶಾಲೆ ಎಂದು ಗೇಟಿನ ಮೇಲೆ ಇಂಗ್ಲಿಷಿನಲ್ಲೇ ಬರೆದಿದೆ. ಅದನ್ನು ಓದಬಲ್ಲ ಮಗು ಒಂದೂ ಇಲ್ಲ. ಬರೆದ ಪೇಂಟರಿಗೂ ಓದಲು ಬರುತ್ತಿರಲಿಲ್ಲ, ಚೀಟಿ ನೋಡಿಕೊಂಡು ಬರೆದ. ನಮ್ಮ ಮಕ್ಕಳೂ ಅಷ್ಟೇ, ನೋಡಿಕೊಂಡು ಬರೆಯುವುದರಲ್ಲಿ ಎತ್ತಿದ ಕೈ.

ರಜಾ ಅರ್ಜಿ ಇಂಗ್ಲಿಷಿನಲ್ಲೇ ಇರಬೇಕೆಂದು ಹೆಡ್ ಮೇಡಂ ನಿಯಮ ತಂದರು. ನಾನು ಬೋರ್ಡಿನ ಮೇಲೆ ಒಂದೇ ಒಂದು ಮಾದರಿ ಬರೆದುಕೊಟ್ಟೆ: ಜ್ವರದಿಂದ ನರಳುತ್ತಿದ್ದೇನೆ, ಮೂರು ದಿನ ರಜೆ ಕೊಡಿ. ಅಲ್ಲಿಂದ ಆರನೆಯ ತರಗತಿಗೆ ಬೇರೆ ತೊಂದರೆಯೇ ಬರಲಿಲ್ಲ. ಅಕ್ಕನ ಮದುವೆಗೆ ಹುನಗುಂದಕ್ಕೆ ಹೋದರೂ ಜ್ವರ, ಮನೆಯ ಮಗ್ಗಕ್ಕೆ ಹೊಸ ಹಾಸಿನ ನೂಲು ಏರಿಸುವ ದಿನ ಕೈಜೋಡಿಸಲು ನಿಂತರೂ ಜ್ವರ. ನನಗೆಲ್ಲ ಗೊತ್ತಿತ್ತು. ಇಂಗ್ಲಿಷಿನಲ್ಲಿ ತಪ್ಪಿಲ್ಲವಲ್ಲ ಎಂಬ ಸಂತೋಷಕ್ಕೆ ಸಹಿ ಹಾಕುತ್ತಿದ್ದೆ. ಮದುವೆಯ ದಿನಗಳಲ್ಲಿ ಒಂದೇ ವಾರಕ್ಕೆ ಇಪ್ಪತ್ತೆರಡು ಅರ್ಜಿ ಬಂದವು. ಮೇಡಂ ಗಾಬರಿಯಾಗಿ ದವಾಖಾನೆಗೆ ಫೋನ್ ಮಾಡಿದರು. ಆರೋಗ್ಯ ಇಲಾಖೆಯವರು ಬಂದು, ನೀರಿನ ತೊಟ್ಟಿ ಬಗ್ಗಿ ನೋಡಿ, ಶಾಲೆಗೆಲ್ಲ ಸೊಳ್ಳೆ ಹೊಗೆ ಹಾಕಿ ಹೋದರು. ಆ ಹೊಗೆಯಲ್ಲಿ ನನ್ನ ಮುಖ ಯಾರಿಗೂ ಕಾಣಲಿಲ್ಲ ಎಂಬುದೊಂದೇ ಸಮಾಧಾನ.

ಆಮೇಲೆ ನಾನು ಯಾವ ಅರ್ಜಿಯನ್ನೂ ನಂಬಲಿಲ್ಲ. ಕೊನೆಯ ಬೆಂಚಿನ ಶಾಹೀನ್, ವರ್ಷವಿಡೀ ಬಾಯಿ ಬಿಡದ ಹುಡುಗಿ, ಒಂದು ದಿನ ಅದೇ ಅರ್ಜಿ ಹಿಡಿದು ಬಂದಳು. "ಯಾರ ಮದುವಿ ಐತಿ?" ಎಂದು ನಕ್ಕು ಜಾಗಕ್ಕೆ ಕಳಿಸಿದೆ. ಎರಡನೆಯ ಪೀರಿಯಡ್ಡಿಗೆ ಅವಳು ಬೆಂಚಿನ ಮೇಲೆ ತಲೆಯಿಟ್ಟಳು. ಹಣೆ ಮುಟ್ಟಿದರೆ ಕಾದ ಹಂಚು. ಕರೆದೊಯ್ಯಲು ಬಂದ ತಾಯಿ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಗಳನ್ನು ಹೆಗಲಿಗೆ ಒರಗಿಸಿಕೊಂಡು ಕೇಳಿದರು:

"ಖರೇನ ಜ್ವರಾ ಬಂದ್ರ ಇಂಗ್ಲಿಷ್‌ನ್ಯಾಗ ಹೆಂಗ ಬರೀಬೇಕ್ರಿ ಸರ್?"

ವರ್ಷವೆಲ್ಲ ದುಡಿದು ಮಕ್ಕಳಿಗೆ ಕೊಟ್ಟ ಇಂಗ್ಲಿಷ್ ಎಂದರೆ ಆ ಒಂದು ಸುಳ್ಳು. ಆ ಹುಡುಗಿ ಅದನ್ನು ಮೊದಲ ಸಲ ನಿಜಕ್ಕೆ ಬಳಸಿದ್ದಳು, ಮೇಷ್ಟ್ರಿಗೇ ಅರ್ಥವಾಗಲಿಲ್ಲ.

ಶಾಹೀನ್ ಹುಷಾರಾಗಿ ಬಂದ ಮೇಲೆ ಮದುವೆಗೊಂದು, ಮಗ್ಗಕ್ಕೊಂದು, ಗೃಹಪ್ರವೇಶಕ್ಕೊಂದು ಎಂದು ಹೊಸ ಮಾದರಿಗಳನ್ನು ಬರೆಸಿದೆ. ಮಕ್ಕಳು ಮುತ್ತಿನಂಥ ಅಕ್ಷರದಲ್ಲಿ ನೋಡಿಕೊಂಡು ಬರೆದರು. ಆ ಶನಿವಾರವೇ ಬಾದಾಮಿಯಲ್ಲಿ ನನ್ನ ಭಾವನ ಹೊಸ ಮನೆಯ ಗೃಹಪ್ರವೇಶ. ನಾನೂ ಅರ್ಜಿ ಗೀಚಿ ಮೇಡಂ ಮುಂದಿಟ್ಟೆ. ಅವರು ಓದಿ, ನನ್ನ ಹಣೆಯನ್ನೇ ನೋಡುತ್ತ, ಕಾಗದ ವಾಪಸ್ ಕೊಟ್ಟರು. ನನ್ನ ಸ್ವಂತ ರಜೆಗಳಿಗೂ ಹನ್ನೆರಡು ವರ್ಷದಿಂದ ಅದೇ ರೂಢಿ, ಕೈ ತಾನೇ ಜ್ವರ ಬರೆದುಬಿಟ್ಟಿತ್ತು. ಗೃಹಪ್ರವೇಶದ ಮಾದರಿ ಎಷ್ಟು ನೆನೆದರೂ ನೆನಪಾಗದೆ, ನೋಡಿಕೊಂಡು ಬರೆಯಲು ಆರನೆಯ ತರಗತಿಗೆ ಹೋಗಿ ಶಾಹೀನಳ ನೋಟ್‌ಬುಕ್ ಕೇಳಿದೆ. ಅವಳು ಕೊಟ್ಟಳು. ಕೊಡುತ್ತ, ಆ ವರ್ಷ ಮೊದಲ ಬಾರಿಗೆ ನನ್ನ ಕೂಡ ತಾನಾಗಿ ಮಾತಾಡಿದಳು.

"ಯಾರ ಮದುವಿ ಐತ್ರಿ ಸರ್?"